ಕರ್ಕೊಂಡು ಹೋದ್ರಂತೆ

ಬೆಳಗಿನಿಂದ ದಾರ ಕಡಿಯುತ್ತಲೇ ಇತ್ತು. ಪೋಣಿಸುವುದು, ಎರಡು ಬೆರಳಗಲ ಹೊಲಿಗೆ ಓಡುವುದು, ಮತ್ತೆ ಕಡಿಯುವುದು. ಮಿಷನ್ನಿನ ತಪ್ಪೋ, ದಾರದ ತಪ್ಪೋ, ತುಳಿಯುವ ತನ್ನ ಕಾಲಿನ ತಪ್ಪೋ ಎಂದು ನಜ್ಮಾ ಯೋಚಿಸಿದಳು. ಯೋಚಿಸಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಒಂದು ವಾರದಿಂದ ಕೊಟ್ಟಿಗೆಹಾರದ ಜನಕ್ಕೆ ಬೇರೆ ಕೆಲಸವೇ ಇದ್ದ ಹಾಗಿಲ್ಲ, ತಪ್ಪು ಯಾರದು ಎಂದು ಹುಡುಕುವುದೇ ಕೆಲಸ. ನೀರುದೋಸೆ ಹೋಟೆಲಿನಲ್ಲಿ ಹುಡುಕುತ್ತಾರೆ, ಬಸ್ಸು ಕಾಯುತ್ತಾ ಹುಡುಕುತ್ತಾರೆ, ಮೀನಿನ ವ್ಯಾನಿನ ಹಿಂದೆ ಪಾತ್ರೆ ಹಿಡಿದು ನಿಂತ ಹೆಂಗಸರೂ ಹುಡುಕುತ್ತಾರೆ. ಹುಡುಕಲು ಹೊರಟವರೆಲ್ಲ ಸುತ್ತಿ ಬಳಸಿ ಕೊನೆಗೆ ಆ ಹುಡುಗಿಯ ಹತ್ತಿರವೇ ಬಂದು ನಿಲ್ಲುತ್ತಾರೆ. ನಿಂತ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು. ಅವಳೇ ಹೇಳಿದಾಳಲ್ಲ ಮಾರಾಯ, ಕರ್ಕೊಂಡು ಹೋದ್ರು ಅಂತ. ಎಳ್ಕೊಂಡು ಹೋದ್ರು ಅಂದಿದಾಳಾ? ಆ ಹುಡುಗಿ ಎರಡನ್ನೂ ಅಂದಿರಲಿಲ್ಲ. ಕನ್ನಡದ ಒಂದಕ್ಷರವೂ ಅವಳಿಗೆ ಬಾರದು. ಊರೆಲ್ಲ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿರುವ ಆ ಮಾತು ನಜ್ಮಾಳದು.

ಸಂಪಿಗೆಕಾನ್ ಎಸ್ಟೇಟಿನಲ್ಲಿ ಈಗ ಕಾಫಿ ಹಣ್ಣು ಕೊಯ್ಯುವವರಲ್ಲಿ ಮುಕ್ಕಾಲು ಪಾಲು ಅಸ್ಸಾಮಿನವರು. ಅವರ ಮಾತು ಇಲ್ಲಿಯವರಿಗೆ ಬರುವುದಿಲ್ಲ, ಇಲ್ಲಿಯ ಮಾತು ಅವರಿಗೆ ಬರುವುದಿಲ್ಲ, ನಡುವೆ ಇರುವುದು ಒಂದಿಷ್ಟು ಮುರುಕು ಹಿಂದಿ. ನಜ್ಮಾಳ ಮನೆಮಾತು ಉರ್ದು, ಹಿಂದಿ ಟೀವಿಯಿಂದ ಬಂದದ್ದು. ಭಾನುವಾರ ಪೇಟೆಗೆ ಇಳಿಯುವ ಅಸ್ಸಾಮಿನ ಹೆಂಗಸರು ಅವಳ ಅಂಗಡಿಯಲ್ಲಿ ನೈಟಿ, ಬ್ಲೌಸು ಹೊಲಿಸುತ್ತಾ, ದೀದಿ ದೀದಿ ಎನ್ನುತ್ತಾ ಊರಿನ ಸುದ್ದಿಯನ್ನೆಲ್ಲ ಹೇಳಿಕೊಂಡು ಹೋಗುತ್ತಿದ್ದರು. ಜೋನಾಲಿಯೂ ಹಾಗೇ ಬಂದವಳು. ಇಪ್ಪತ್ತು ದಾಟಿತ್ತೋ ಇಲ್ಲವೋ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದ ಹುಡುಗಿ. ಅವಳು ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಶಶಿಧರ್ ತನ್ನನ್ನು ಕೆಡಿಸಿದ ಎಂದು ಅತ್ತಾಗ ಸಾಹುಕಾರ ಚಂದ್ರಶೇಖರಪ್ಪನವರು, ಪೊಲೀಸು ಗಿಲೀಸು ಈಗಲೇ ಬೇಡ, ಮೊದಲು ನಾವೇ ಕೂತು ವಿಚಾರಿಸುವ ಎಂದರು. ವಿಚಾರಿಸುವುದಕ್ಕೆ ಭಾಷೆ ಬೇಕಲ್ಲ, ಜೀಪು ಕಳಿಸಿ ನಜ್ಮಾಳನ್ನು ಕರೆಸಿದರು. ಎಸ್ಟೇಟ್ ಆಫೀಸಿನ ಜಗಲಿಯಲ್ಲಿ ಸಾಹುಕಾರರು, ಹೆಂಗಸೊಬ್ಬರು ಇರಲಿ ಎಂದು ಅವರ ಹೆಂಡತಿ ಪ್ರೇಮಲತಾ, ಕಂಬದ ಹತ್ತಿರ ಕೈಕಟ್ಟಿ ನಿಂತ ಶಶಿಧರ್. ಜೋನಾಲಿ ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಾ ಹೇಳಿದಳು, ಪಂಪ್ ಘರ್ ಮೇ ಲೇ ಗಯಾ. ನಜ್ಮಾ ಅದನ್ನು ಸಾಹುಕಾರರಿಗೆ ಕನ್ನಡದಲ್ಲಿ ಹೇಳಿದಳು. ಪಂಪ್‌ಹೌಸಿಗೆ ಕರ್ಕೊಂಡು ಹೋದ್ರಂತೆ.

ಅಷ್ಟೇ. ಆಮೇಲೆ ಹುಡುಗಿ ಏನೇನೋ ಹೇಳಿದಳು, ಅತ್ತಳು, ನಜ್ಮಾ ಏನೇನೋ ಕನ್ನಡಕ್ಕೆ ತಂದಳು. ಆದರೆ ಕೇಳುವವರ ಕಿವಿ ಆ ಒಂದು ಮಾತು ಬಿದ್ದ ಕೂಡಲೇ ಮುಚ್ಚಿಕೊಂಡಿತ್ತು. ಸಾಹುಕಾರರು ಕುರ್ಚಿಗೆ ಒರಗಿದ್ದು, ಪ್ರೇಮಲತಾ ಸೆರಗು ಸರಿಮಾಡಿಕೊಂಡು ಗಂಡನ ಮುಖ ನೋಡಿದ್ದು, ಶಶಿಧರ್ ಕಟ್ಟಿದ ಕೈ ಸಡಿಲ ಬಿಟ್ಟಿದ್ದು ಎಲ್ಲ ಅವಳಿಗೆ ಆಗಲೇ ಕಂಡಿತ್ತು. ಯಾಕೆಂದು ಮಾತ್ರ ಹೊಳೆದಿರಲಿಲ್ಲ. ಹೊಳೆದದ್ದು ಮನೆಗೆ ಬಂದು ಅಕ್ಕಿ ತೊಳೆಯುವಾಗ. ಕರ್ಕೊಂಡು ಹೋಗುವುದೆಂದರೆ ಕರೆದದ್ದು ಒಬ್ಬರು, ಬಂದದ್ದು ಇನ್ನೊಬ್ಬರು. ಮಗುವನ್ನು ಅಂಗನವಾಡಿಗೆ ಕರ್ಕೊಂಡು ಹೋಗುತ್ತಾರೆ, ಹೆಂಡತಿಯನ್ನು ತವರಿಗೆ ಕರ್ಕೊಂಡು ಹೋಗುತ್ತಾರೆ. ಹುಡುಗಿ ಗಯಾ ಎಂದು ಏಕವಚನದಲ್ಲಿ ಉಗಿದದ್ದನ್ನು ತಾನು ಎತ್ತಿಕೊಂಡು ಒರೆಸಿ, ಹೋದ್ರು ಎಂದು ಮರ್ಯಾದೆ ಕೊಟ್ಟಿದ್ದಳು. ರೈಟರು ಎದುರಿಗೇ ನಿಂತಿದ್ದ, ಅವನನ್ನು ಹೋದ ಬಂದ ಅನ್ನುವುದಕ್ಕೆ ನಾಲಿಗೆ ತಿರುಗಲಿಲ್ಲ. ಸಾಲದ್ದಕ್ಕೆ ಕೊನೆಯಲ್ಲಿ ಒಂದು ಅಂತೆ. ಘಾಟಿಯಲ್ಲಿ ಲಾರಿ ಪಲ್ಟಿಯಂತೆ, ಅತ್ತಿಗುಂಡಿಯಲ್ಲಿ ಹುಲಿ ಕಂಡಿತಂತೆ. ನಿಜವೋ ಸುಳ್ಳೋ, ನನ್ನ ತಲೆಗೆ ಕಟ್ಟಬೇಡಿ ಎಂದು ಹೇಳುವ ಅಂತೆ. ಒಂದು ಹುಡುಗಿಯ ಬಾಳನ್ನು ಹಾಳು ಮಾಡಲಿಕ್ಕೆ ಎಷ್ಟು ಬೇಕೋ ಅಷ್ಟನ್ನೂ ಆ ಪುಟ್ಟ ಮಾತಿನೊಳಗೆ ತುಂಬಿ ಕೊಟ್ಟು, ಸಾಹುಕಾರರ ಮನೆಯ ಕಾಫಿ ಕುಡಿದು, ಜೀಪಿನಲ್ಲಿ ಮನೆಗೆ ಬಂದಿದ್ದಳು.

ಅತ್ತೆ ರೌಶನ್ ಬೀ ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎಸ್ಟೇಟಿನಿಂದ ಇವತ್ತು ಮತ್ತೆ ಕರೆ ಬಂದಿತ್ತು, ಜೀಪು ಬಂತಾ ಎಂದು ಅವರು ಆಗಾಗ ರಸ್ತೆ ನೋಡುತ್ತಿದ್ದರು. "ಇವತ್ತು ಹೋಗಿ ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಬಂದುಬಿಡು. ಊರ ಉಸಾಬರಿ ನಮಗ್ಯಾಕೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪಾಪ, ಆ ಹುಡುಗಿನೂ ಒಬ್ಬಳೇ ಅಷ್ಟು ದೂರ ಕೊಯ್ಯುತ್ತಾ ಹೋಗಬಾರದಿತ್ತು," ಎಂದರು. ಪಾಪ ಎನ್ನುವುದನ್ನೂ ಹೋಗಬಾರದಿತ್ತು ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅತ್ತೆಗೆ ಕಷ್ಟವಾಗಲಿಲ್ಲ. ಹೋದ ವರ್ಷ ಕೊಟ್ಟಿಗೆಯಿಂದ ಚಿರತೆ ಆಡನ್ನು ಒಯ್ದಾಗ ಇದೇ ಅತ್ತೆ ಇದೇ ಬಾಗಿಲಲ್ಲಿ ಎದೆ ಬಡಿದುಕೊಂಡು ಊರಿಗೆಲ್ಲ ಹೇಳಿದ್ದರು, ಬಕ್ರೀ ಲೇಕೋ ಗಯಾ, ಬಕ್ರೀ ಲೇಕೋ ಗಯಾ. ಹಿಂದಿಯ ಲೇ ಗಯಾ ಎಂದರೂ ಒಯ್ದದ್ದೇ, ಮನೆಯ ಉರ್ದುವಿನ ಲೇಕೋ ಗಯಾ ಎಂದರೂ ಒಯ್ದದ್ದೇ. ಆಗ ಯಾರೂ, ಆಡು ಚಿರತೆಯ ಜೊತೆ ಯಾಕೆ ಹೋಯಿತು ಎಂದು ಕೇಳಲಿಲ್ಲ. ಕತ್ತಿಗೆ ಗಂಟೆ ಕಟ್ಟಿಕೊಂಡು ಯಾಕೆ ಓಡಾಡುತ್ತಿತ್ತು ಎಂದೂ ಕೇಳಲಿಲ್ಲ. ನಜ್ಮಾಳಿಗೆ ನಗು ಬಂತು. ಅತ್ತೆಗೆ ಕಾಣದಿರಲಿ ಎಂದು ಮಿಷನ್ನಿನ ಮೇಲೆ ಬಗ್ಗಿ ಮತ್ತೆ ದಾರ ಪೋಣಿಸಿದಳು.

ಗಂಡ ಸೊಹೈಲ್‌ನ ಗ್ಯಾರೇಜು ರಸ್ತೆಯಾಚೆ. ಸಂಪಿಗೆಕಾನಿನ ಜೀಪು, ಸ್ಪ್ರೇ ಪಂಪು, ಕಳೆ ಹೊಡೆಯುವ ಮಿಷನ್ನು ಎಲ್ಲ ರಿಪೇರಿಗೆ ಬರುವುದು ಅಲ್ಲಿಗೇ, ಕಳಿಸುವವನು ಶಶಿಧರ್. ಸೊಹೈಲ್ ಒಳ್ಳೆಯ ಮನುಷ್ಯ. ಅವತ್ತು ರಾತ್ರಿ ಅವಳು ಎಲ್ಲ ಹೇಳಿಕೊಂಡಾಗ ಕೊನೆಯವರೆಗೂ ಕೇಳಿದ. ಆಮೇಲೆ, "ನೀನು ಸುಳ್ಳು ಹೇಳಿಲ್ಲವಲ್ಲ. ಕರ್ಕೊಂಡು ಹೋದ ಅಂದ್ರೂ ಲೇ ಗಯಾ ಅಂತಲೇ ಅರ್ಥ ಅಲ್ವಾ," ಎಂದ. ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಳ್ಳಾದರೆ ವಾಪಸು ತೆಗೆದುಕೊಳ್ಳಬಹುದು. ಮಗಳು ಅಮ್ನಾ ಮೂಡಿಗೆರೆಗೆ ಕಾಲೇಜಿಗೆ ಹೋಗುತ್ತಾಳೆ, ಬಸ್ಸಿನಲ್ಲಿ ಜನ ಆಡಿಕೊಂಡದ್ದನ್ನು ಕೇಳಿಕೊಂಡು ಮೊನ್ನೆ ಸಂಜೆ ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಕೇಳಿದಳು. "ಅಮ್ಮೀ, ನಾಳೆ ನಂಗೂ ಹಂಗೇ ಆದ್ರೆ, ನೀನು ಹೋಗಿ ಕರ್ಕೊಂಡು ಹೋದ್ರಂತೆ ಅಂತ ಹೇಳ್ತೀಯಾ?" ನಜ್ಮಾ ಅವಳ ಬಾಯಿಗೆ ಹೊಡೆದಳು. ಕೈಗೆ ಹಲ್ಲು ತಾಗುವಷ್ಟು ಜೋರಾಗಿ. ಹೊಡೆದ ಕೈಯಲ್ಲೇ ರಾತ್ರಿ ರೊಟ್ಟಿ ತಟ್ಟಿದಳು, ಅಮ್ನಾ ಮುಟ್ಟಲಿಲ್ಲ. ಈ ಊರಲ್ಲಿ ಇಷ್ಟೆಲ್ಲ ನಡೆದ ಮೇಲೆ ಹೊಡೆತ ತಿಂದದ್ದು ಯಾರು ಎಂದು ಕೇಳಿದರೆ ತನ್ನ ಮಗಳು ಒಬ್ಬಳೇ. ಶಶಿಧರನ ಮೈಗೆ ಯಾರ ಬೆರಳೂ ತಾಗಿಲ್ಲ.

ತಪ್ಪಿ ಬಂದ ಮಾತೇ ಅದು? ಇದೊಂದನ್ನು ಮಾತ್ರ ಅವಳು ಗಂಡನಿಗೆ ಹೇಳಿರಲಿಲ್ಲ. ಅವತ್ತು ಜಗಲಿಯಲ್ಲಿ ಹುಡುಗಿ ಬಾಯಿ ತೆರೆಯುವ ಮೊದಲೇ ಪ್ರೇಮಲತಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬ್ಲೌಸಿನ ಕುತ್ತಿಗೆ ನೋಡಿ, ಎಷ್ಟು ಅಗಲ ಇಟ್ಟಿದಾರೆ. ಇಂಥದನ್ನ ಹೊಲಿದು ಕೊಡ್ತಾರಲ್ಲ ಅವರಿಗೆ ಹೇಳಬೇಕು," ಎಂದಿದ್ದರು. ಹೊಲಿದು ಕೊಟ್ಟವಳು ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಜೋನಾಲಿ ಅಂಗಡಿಗೆ ಬಂದು ಫೋನಿನಲ್ಲಿ ಯಾವಳದೋ ಫೋಟೋ ತೋರಿಸಿ, ಹೀಗೇ ಬೇಕು ದೀದಿ ಎಂದಾಗ, ಇವಳು ಟೇಪು ಹಿಡಿದು ನಕ್ಕು, ಇಷ್ಟೆಲ್ಲ ತೋರಿಸಿಕೊಂಡು ಯಾರ ಮುಂದೆ ಓಡಾಡುತ್ತೀಯೇ ಎಂದು ತಮಾಷೆ ಮಾಡಿದ್ದಳು. ಹುಡುಗಿಯೂ ನಕ್ಕಿದ್ದಳು. ಆ ತಮಾಷೆ ಜಗಲಿಯಲ್ಲಿ ನೆನಪಾಗಿ ನಜ್ಮಾಳ ಮೈ ಬೆವೆತಿತು. ಹೊಲಿದವಳು ನಾನೇ ಎಂದು ಅಮ್ಮಾವ್ರಿಗೆ ಗೊತ್ತಾದರೆ ಎನ್ನುವ ಹೆದರಿಕೆ, ಬೇಗ ಮುಗಿದರೆ ಸಾಕು ಎನ್ನುವ ಅವಸರ, ಮತ್ತು ಎಲ್ಲೋ ಆಳದಲ್ಲಿ, ಈ ಹುಡುಗಿ ಸ್ವಲ್ಪ ಹಾಗೆಯೇ ಎನ್ನುವ ಒಂದು ತೀರ್ಮಾನ. ತೀರ್ಮಾನ ಮೊದಲು ಆಗಿತ್ತು, ಮಾತು ಆಮೇಲೆ ಬಂತು. ಹಿಂದಿಯಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಆ ಮಾತು ನಜ್ಮಾಳ ಮನಸ್ಸಿನೊಳಗೆ ಹಾದು ಬಂದಿತ್ತು, ಅಲ್ಲಿಯ ಕೊಳೆಯೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಇವತ್ತು ಎರಡನೇ ಸಲ ಕೂರುತ್ತಾರೆ. ಇವತ್ತೇ ಮುಗಿಸಿ, ಹುಡುಗಿಯನ್ನು ಬೀರೂರಿಗೆ ಕಳಿಸಿ ರೈಲು ಹತ್ತಿಸುವುದೆಂದು ಆಗಲೇ ಮಾತಾಗಿದೆ. ಅವಳು ರೈಲು ಹತ್ತಿದ ಮೇಲೆ ಈ ಮಾತನ್ನು ತಿದ್ದಲಿಕ್ಕೆ ಜನ್ಮದಲ್ಲಿ ಆಗುವುದಿಲ್ಲ. ಇವತ್ತು ಹೇಳಬೇಕು. ಎಳೆದ ಎನ್ನಬೇಕು, ಏಕವಚನದಲ್ಲಿ ಎನ್ನಬೇಕು, ಅಂತೆ ಇಲ್ಲದೆ ಎನ್ನಬೇಕು. ಬಾಯಿಪಾಠ ಮಾಡುವ ಹಾಗೆ ತುಟಿ ಅಲ್ಲಾಡಿಸುತ್ತಿರುವಾಗ ಹೊರಗೆ ಹಾರನ್ ಕೇಳಿಸಿತು.

ಜೀಪು ಓಡಿಸಿಕೊಂಡು ಬಂದವನು ಶಶಿಧರನೇ. ಡ್ರೈವರಿಗೆ ಜ್ವರವಂತೆ. "ಮುಂದೇನೇ ಕೂತ್ಕೊಳ್ಳಿ ನಜ್ಮಕ್ಕ, ಹಿಂದೆ ಗೊಬ್ಬರದ ಚೀಲ ಇದೆ," ಎಂದು ಸೀಟಿನ ಧೂಳನ್ನು ಕೈಯಿಂದ ಕೊಡವಿದ. ಅವಳು ಕೂತಳು. ಕೂತಾದ ಮೇಲೆ, ಯಾಕೆ ಕೂತೆ ಎನಿಸಿತು. ಆಟೋದಲ್ಲಿ ಬರುತ್ತೇನೆ ಎನ್ನಬಹುದಿತ್ತು, ಸೊಹೈಲನ ಬೈಕಿದೆ ಎನ್ನಬಹುದಿತ್ತು. ಏನೂ ಹೊಳೆಯಲಿಲ್ಲ. ಎಸ್ಟೇಟಿನ ಜೀಪು ಬಂದರೆ ಹತ್ತುವುದು, ರೈಟರು ಕೂರಿ ಎಂದರೆ ಕೂರುವುದು. ರಸ್ತೆ ಮುಖ್ಯ ದಾರಿ ಬಿಟ್ಟು ತೋಟದೊಳಗೆ ತಿರುಗಿತು. ಎರಡೂ ಕಡೆ ರೊಬಸ್ಟಾ ಕಾಫಿ ಗಿಡಗಳು ಹಣ್ಣಿನ ಭಾರಕ್ಕೆ ಬಗ್ಗಿದ್ದವು, ಮೇಲೆ ನೆರಳಿನ ಸಿಲ್ವರ್ ಮರಗಳು, ಒಂದು ಮನುಷ್ಯ ಪ್ರಾಣಿ ಇಲ್ಲ. ಇವನು ಈಗ ಜೀಪನ್ನು ಬೇರೆ ಕಡೆ ತಿರುಗಿಸಿದರೆ ನಾಳೆ ಊರು ಏನನ್ನುತ್ತದೆ? ಮುಂದಿನ ಸೀಟಿನಲ್ಲಿ ಕೂತು ಹೋದಳಂತೆ. ಎಳೆದ ಎನ್ನುವುದನ್ನು ಸಾಬೀತು ಮಾಡಬೇಕೆಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ, ಜೋನಾಲಿ ಅವನ ಹಿಂದೆ ನಡೆದುಕೊಂಡೇ ಹೋಗಿದ್ದರೆ ಏನಾಯಿತು? ಇಲ್ಲಿ ಬಾ ಎಂದು ರೈಟರು ಕರೆದರೆ ಕೊಯ್ಯುವ ಹೆಣ್ಣಾಳು ಬರುವುದಿಲ್ಲ ಎನ್ನುವುದುಂಟೇ? ಇದನ್ನು ಯಾವ ಭಾಷೆಯಲ್ಲಿ ಹೇಳುವುದು ಎಂದು ತಿಳಿಯದೆ ಅವಳು ಸೀಟಿನ ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅವತ್ತು ನೀವು ಸರಿಯಾಗಿ ಹೇಳಿದ್ರಿ ನಜ್ಮಕ್ಕ," ಎಂದ ಶಶಿಧರ್, ರಸ್ತೆ ನೋಡುತ್ತಲೇ. "ಬೇರೆಯವರಾಗಿದ್ರೆ ಅದಕ್ಕೆ ಕೈಕಾಲು ಸೇರಿಸಿ ನನ್ನ ಮನೆ ತೆಗೀತಿದ್ರು. ನಿಮ್ಮ ಉಪಕಾರ ಮರೆಯೋದಿಲ್ಲ ನಾನು." ಅವಳು ಏನೂ ಹೇಳಲಿಲ್ಲ. ಹೇಳದಿದ್ದದ್ದನ್ನೂ ಅವನು ಒಪ್ಪಿಗೆ ಎಂದೇ ತೆಗೆದುಕೊಂಡ, ಇನ್ನೊಂದು ಗೇರಿಗೆ ಹಾಕಿದ.

ಆಫೀಸಿನ ಮುಂದಿನ ಕಣದಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿತ್ತು. ಹಣ್ಣು ಸುಲಿಯುವ ಪಲ್ಪರ್ ಮಿಷನ್ನಿನ ಕಡೆಯಿಂದ ಹುಳಿ ವಾಸನೆ ಬರುತ್ತಿತ್ತು. ಹೋದ ಸಲದ ಹಾಗೇ ಸಾಹುಕಾರರು, ಪ್ರೇಮಲತಾ, ಒಂದು ಖಾಲಿ ಕುರ್ಚಿ. ಜೋನಾಲಿ ಅದೇ ಮೆಟ್ಟಿಲ ಮೇಲೆ ಇದ್ದಳು, ಪಕ್ಕದಲ್ಲಿ ಕಟ್ಟಿ ತಯಾರಾದ ಅವಳ ಬ್ಯಾಗು. ಅದೇ ಬ್ಲೌಸು, ಮೇಲೊಂದು ಸ್ವೆಟರು. ಕುತ್ತಿಗೆಯ ಅಗಲವನ್ನು ಒಟ್ಟು ಮಾಡಿ ಪಿನ್ನು ಚುಚ್ಚಿಕೊಂಡಿದ್ದಳು. ನಜ್ಮಾಳನ್ನು ಕಂಡು ಅವಳ ಮುಖ ಬಿಚ್ಚಿತು. ಆ ಜಗಲಿಯಲ್ಲಿ ತನ್ನವರು ಎಂದು ಅವಳಿಗೆ ಇದ್ದದ್ದು ಈ ದೀದಿ ಒಬ್ಬಳೇ. ಆ ನೋಟವನ್ನು ಎದುರಿಸಲಾಗದೆ ನಜ್ಮಾ ಚಪ್ಪಲಿ ಬಿಡುವ ನೆವದಲ್ಲಿ ತಲೆ ಬಗ್ಗಿಸಿದಳು.

"ಸಾಹುಕಾರ್ರೇ, ಇನ್ನೊಂದು ಸಲ ಅವಳನ್ನ ಕೇಳ್ತೀನಿ," ಎಂದಳು ಕುರ್ಚಿಯಲ್ಲಿ ಕೂರದೆ. "ಅವತ್ತು ನಾನು ಅರ್ಧಂಬರ್ಧ ಹೇಳಿದೆ ಅನ್ಸುತ್ತೆ."

ಚಂದ್ರಶೇಖರಪ್ಪನವರು ಕೆಟ್ಟವರಲ್ಲ. ಬೇಗ ಮುಗಿಯಲಿ ಎನ್ನುವ ಆಸೆ ಅವರಿಗೂ ಇತ್ತು. "ಕೇಳಮ್ಮ, ಕೇಳು. ಆದ್ರೆ ಈ ಸಲ ಅಂತೆ ಕಂತೆ ಎಲ್ಲ ಬೇಡ. ಅವಳು ನಾನು ಅಂದ್ರೆ ನೀನೂ ನಾನು ಅಂತಲೇ ಹೇಳು. ಅವಳ ಬಾಯಿಂದ ಬಂದ ಹಾಗೇ ನಮಗೆ ಬರಬೇಕು."

ಅವಳಿಗೆ ಬೇಕಾಗಿದ್ದದ್ದೂ ಅದೇ. ಮೆಟ್ಟಿಲ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತು ಹಿಂದಿಯಲ್ಲಿ ಕೇಳಿದಳು. ಹೇಗೆ ಲೇ ಗಯಾ? ನಡೆಸಿಕೊಂಡೋ, ಎಳೆದುಕೊಂಡೋ? ಜೋನಾಲಿ ಸ್ವೆಟರಿನ ತೋಳು ಮೇಲೆತ್ತಿ ಮಣಿಕಟ್ಟು ತೋರಿಸಿದಳು. ಬೆರಳಿನ ಗುರುತು ಹಳದಿಗೆ ತಿರುಗಿತ್ತು. ಹಿಂದಿನಿಂದ ಬಂದ, ಕೈ ಹಿಡಿದ, ಚೀಲದಲ್ಲಿದ್ದ ಹಣ್ಣೆಲ್ಲ ಚೆಲ್ಲಿತು, ಚೆಲ್ಲಿದ್ದು ಆರಿಸಬೇಕು ಬಿಡಿ ಎಂದೆ, ಬಿಡಲಿಲ್ಲ. ನಿಧಾನವಾಗಿ ಹೇಳಿದಳು, ದೀದಿಗೆ ಅರ್ಥವಾಗಲಿ ಎಂದು ಒಂದೊಂದೇ ಮಾತು ಬಿಡಿಸಿ. ನಜ್ಮಾ ಎದ್ದು ನಿಂತು ಸಾಹುಕಾರರ ಕಡೆ ತಿರುಗಿದಳು. "ನನ್ನ ಕೈ ಹಿಡಿದು ಎಳ್ಕೊಂಡು ಹೋದ. ಹಣ್ಣು ಚೆಲ್ಲಿ ಹೋಯ್ತು. ಬಿಡಿ ಅಂದೆ, ಬಿಡಲಿಲ್ಲ." ನಾನು, ನನ್ನ ಎಂದು ತನ್ನ ಬಾಯಿಂದ ಬಂದಾಗ ಅವಳ ಮಣಿಕಟ್ಟು ನಿಜವಾಗಿ ಉರಿಯಿತು. ಹೋದ ಎಂದು ಏಕವಚನದಲ್ಲಿ ಹೇಳಿದ್ದಕ್ಕೆ ಜೀಪು ನಿಲ್ಲಿಸಿ ಬಂದು ಕಂಬದ ಬಳಿ ನಿಂತಿದ್ದ ಶಶಿಧರ್ ತಲೆಯೆತ್ತಿ ನೋಡಿದ. ಹೇಳಿಯಾಯಿತು. ಒಂದು ವಾರದಿಂದ ಎದೆಯ ಮೇಲೆ ಕೂತದ್ದು ಇಳಿಯಿತು ಎಂದುಕೊಂಡಳು. ಅಷ್ಟು ಸುಖ ಅವಳಿಗೆ ಸಿಕ್ಕಿದ್ದು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಹಂಗಾದ್ರೆ ಅವತ್ತು ಕರ್ಕೊಂಡು ಹೋದ್ರು ಅಂದಿದ್ದು?" ಎಂದರು ಪ್ರೇಮಲತಾ. ದನಿ ಏರಿಸಲಿಲ್ಲ. "ಅವತ್ತೊಂದು, ಇವತ್ತೊಂದು. ಯಾರೋ ಹೇಳಿಕೊಟ್ಟಿದಾರೆ ಇವಳಿಗೆ. ನಾವೂ ಹೆಂಗಸರೇ, ನಮಗೆ ಅರ್ಥ ಆಗಲ್ವಾ. ನಿಜ ಆಗಿದ್ರೆ ಮೊದಲನೇ ದಿನಾನೇ ಬಾಯಲ್ಲಿ ಬರ್ತಿತ್ತು."

"ಕೇಳಮ್ಮ ಅದನ್ನ," ಎಂದರು ಸಾಹುಕಾರರು. "ಮಾತು ಯಾಕೆ ಬದಲಾಯಿತು ಅಂತ ಕೇಳು ಅವಳನ್ನ."

ನಜ್ಮಾ ಮತ್ತೆ ಕುಕ್ಕರಿಸಿದಳು. ಆ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಕೇಳಲಿಕ್ಕೆ ಅದರಲ್ಲಿ ಏನಿತ್ತು. ಬದಲಿಗೆ, ಸಣ್ಣ ದನಿಯಲ್ಲಿ, ಹಿಂದಿ ಉರ್ದು ಎಲ್ಲ ಕಲಸಿ, ಹೇಳಿಕೊಂಡಳು. ನೀನು ಅವತ್ತು ಲೇ ಗಯಾ ಅಂದೆ. ನಾನು ಇವರಿಗೆ, ನೀನು ಅವನ ಜೊತೆ ಹೋದೆ ಅನ್ನುವ ಹಾಗೆ ಹೇಳಿಬಿಟ್ಟೆ. ಅದಕ್ಕೇ ಇವರು ನಿನ್ನನ್ನು ನಂಬುತ್ತಿಲ್ಲ. ಜೋನಾಲಿ ಕಣ್ಣು ಬಿಟ್ಟು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅರ್ಥವಾದದ್ದು ಮುಖದ ಮೇಲೆ ಕಾಣಿಸಿತು. ಬೈಯುತ್ತಾಳೆ, ಉಗಿಯುತ್ತಾಳೆ, ಉಗಿಯಲಿ ಎಂದು ನಜ್ಮಾ ಮುಖವನ್ನು ಇನ್ನೂ ಹತ್ತಿರ ಒಡ್ಡಿದಳು. ಹುಡುಗಿ ಅವಳ ಕೈ ಹಿಡಿದುಕೊಂಡಳು. ನಿಮ್ಮದಲ್ಲ ದೀದಿ, ಎಂದಳು. ನನ್ನ ಹಿಂದಿ ಸರಿ ಇಲ್ಲ. ನಾನೇ ಹೇಳುವಾಗ ತಪ್ಪು ಮಾಡಿರಬೇಕು. ಗಲತೀ ಮೇರಾ ಹೈ, ತಪ್ಪು ನನ್ನದು.

"ಏನಂತಾಳೆ?" ಎಂದರು ಸಾಹುಕಾರರು.

ಇವರಿಗೆ ಇದನ್ನು ಹೇಳುವುದೇ? ಹೇಳಿದರೆ ನಜ್ಮಾ ಗೆದ್ದಳು. ಮಾತು ಬದಲಾದದ್ದು ಹುಡುಗಿಯ ತಪ್ಪು, ಅವಳೇ ಒಪ್ಪಿಕೊಂಡಿದ್ದಾಳೆ, ದುಭಾಷಿಗೆ ಯಾವ ದೋಷವೂ ಇಲ್ಲ. ಸೊಹೈಲನ ಗ್ಯಾರೇಜಿಗೆ ಜೀಪು ಬರುತ್ತಿರುತ್ತದೆ, ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿರುತ್ತಾರೆ. ರೋಷ ಬಂತು ಅವಳಿಗೆ, ಯಾರ ಮೇಲೆಂದು ಗೊತ್ತಾಗದ ರೋಷ. ಇಲ್ಲ, ಈ ಹುಡುಗಿಯ ಮಾತನ್ನು ನಾನು ಕನ್ನಡಕ್ಕೆ ತರುವುದಿಲ್ಲ. ಇದೊಂದು ಸಲ ನನ್ನ ಮಾತನ್ನು ನಾನೇ ಆಡುತ್ತೇನೆ. ಎದ್ದು ನಿಂತಳು. ಶಶಿಧರನನ್ನೂ ಪ್ರೇಮಲತಾರನ್ನೂ ಸಾಹುಕಾರರನ್ನೂ ನೋಡಿ, ಹೆಂಗಸರು ದೊಡ್ಡವರ ಮುಂದೆ ಆಡದಷ್ಟು ಗಟ್ಟಿಯಾಗಿ ಹೇಳಿದಳು.

"ತಪ್ಪು ನಂದು."

ಜಗಲಿಯಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಸಾಹುಕಾರರು ಎರಡೂ ಕೈಯನ್ನು ಮೊಣಕಾಲಿನ ಮೇಲೆ ಊರಿ ಏಳುವ ತಯಾರಿ ಮಾಡಿದರು. "ಸರಿ ಮತ್ತೆ. ಅವಳೇ ಒಪ್ಪಿಕೊಂಡಳಲ್ಲ," ಎಂದರು.

"ಇಲ್ಲ ಸಾಹುಕಾರ್ರೇ, ಅವಳಲ್ಲ. ನಂದು ಅಂದ್ರೆ ನಂದು."

"ಹೌದಮ್ಮ, ಅದೇ ಹೇಳ್ತಿರೋದು. ನಂದು ಅಂದಳು. ಚೆನ್ನಾಗೇ ಹೇಳಿದೆ ನೀನು, ಅವಳು ಅಂದ ಹಾಗೇ ಹೇಳಿದೆ."

"ಅವಳು ಅಂದಿದ್ದಲ್ಲ. ನಾನು ಅಂದಿದ್ದು. ನಜ್ಮಾ ಅಂದಿದ್ದು, ಸಾಹುಕಾರ್ರೇ. ತಪ್ಪು ನನ್ನದು, ನನ್ನದು." ಅವಳು ಎದೆಯ ಮೇಲೆ ಕೈಯಿಟ್ಟು ಬಡಿದುಕೊಂಡು ಅಳುತ್ತಾ ಹೇಳಿದಳು. ಪ್ರೇಮಲತಾ ಆಗಲೇ ಎದ್ದಿದ್ದರು. ಶಶಿಧರ್ ಜೀಪಿನ ಕೀ ತೆಗೆದು ಬೀರೂರಿನ ರೈಲು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳುತ್ತಿದ್ದ. "ನೀನ್ಯಾಕೆ ಅಷ್ಟು ಸಂಕಟ ಪಟ್ಕೋತಿ ಮಾರಾಯ್ತಿ," ಎಂದರು ಸಾಹುಕಾರರು ಮರುಕದಿಂದ. "ನಿನಗೇನು ಅದರಲ್ಲಿ? ಅವಳನ್ನೇ ಕೇಳುವ ಬೇಕಾದ್ರೆ." ಜೋನಾಲಿಯ ಕಡೆ ಬೆರಳು ತೋರಿಸಿ, "ಏನಮ್ಮ, ಇವಳು ಹೇಳ್ತಿರೋದು ಸರಿಯಾ?" ಎಂದರು.

ಹುಡುಗಿಗೆ ಕನ್ನಡ ತಿಳಿಯಲಿಲ್ಲ. ಬೆರಳು ತನ್ನ ಕಡೆ ತಿರುಗಿದ್ದು ಕಂಡಿತು, ದೀದಿ ತನಗಾಗಿ ಎದೆ ಬಡಿದುಕೊಂಡು ಅಳುತ್ತಿರುವುದು ಕಂಡಿತು. ಇವರು ದೀದಿಯನ್ನು ನಂಬಲಿ ಎಂದು ಅವಳು ಮೆಟ್ಟಿಲಿನಿಂದ ಎದ್ದು ನಿಂತು, ತನ್ನ ಎದೆಯ ಮೇಲೂ ಕೈಯಿಟ್ಟುಕೊಂಡು, ಹೌದು ಹೌದೆಂದು ತಲೆಯಾಡಿಸಿದಳು.